ಕಿಂಡಿ ಅಣೆಕಟ್ಟು ರಿಪೇರಿಯ ಎಸ್ಟಿಮೇಟಿನಲ್ಲೇ ಮೀನಿನ ದಾರಿ ಸೇರಿಸಬಹುದೇ?

ಶಿರಿಯ ಹೊಳೆಬದಿ:
ಕಾಸರಗೋಡಿನ ಶಿರಿಯ ಹೊಳೆಗೆ ಸೇರುವ ಒಂದು ದೊಡ್ಡ ತೋಡಿನ ಹಳೆಯ ಕಿಂಡಿ ಅಣೆಕಟ್ಟು (ಬೇಸಿಗೆಯಲ್ಲಿ ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ಕಟ್ಟ) ರಿಪೇರಿಗೆ ಬಂದಿದೆ. ಎಸ್ಟಿಮೇಟು ಇನ್ನೂ ಅಂತಿಮ ಆಗಿಲ್ಲ. ಅಳತೆ ಹೀಗುಂಟು: 9 ಕಿಂಡಿ, ಒಂದೊಂದು 1.8 ಮೀಟರ್ ಅಗಲ. ಹಲಗೆ ಹಾಕಿದರೆ ನಿಲ್ಲುವ ನೀರು 2 ಮೀಟರ್. ಕೆಳಬದಿಯ ಕಾಂಕ್ರೀಟ್ ಹಾಸು 6 ಮೀಟರ್ ಉದ್ದ. ಹಾಸಿನ ತುದಿಯಲ್ಲಿ ನೆರೆನೀರು ಕೊರೆದು ಹೊಂಡವಾಗಿ, ಹಲಗೆ ಪೂರ್ತಿ ತೆಗೆದ ಮೇಲೂ 60 ಸೆಂಟಿಮೀಟರ್ ಎತ್ತರದಿಂದ ನೀರು ಧುಮುಕುತ್ತದೆ. ಅಳಿವೆಯಿಂದ ಲೆಕ್ಕ ಹಾಕಿದರೆ ಇದು ಮೂರನೆಯ ಅಡ್ಡಕಟ್ಟು.

ಅಳಿವೆಯ ಹಿನ್ನೀರಿನಿಂದ ಹತ್ತಿ ಬರುವ ಹಾವುಮೀನು, ಎಟ್ಟಿ (ಸೀಗಡಿ), ತಿರುತ, ಕಾಳಾಂಜಿ ಮರಿಗಳು ಇದರಿಂದ ಮೇಲೆ ಕಾಣುವುದೇ ಅಪರೂಪ. ಮೀನು ಏಣಿ (ಮೀನು ಹತ್ತಲು ನೀರಿನ ಮೆಟ್ಟಿಲು) ಅಂತ ಒಂದು ಐಟಂ ಸೇರಿಸಿದರೆ ಸಾಕಾ? ಯಾವ ಬಗೆಯದು? ಬೇಸಿಗೆಯ ನೀರು ಪೋಲಾಗ್ತದೆ ಅಂತ ತೋಟದವರು ಹೇಳಿದರೆ ಏನು ಉತ್ತರ ಕೊಡುವುದು?

ಮಟ್ಟಗೋಲು:
ಏಣಿಯ ಮಾತು ಆಮೇಲೆ. ನಿಮ್ಮ ಕಟ್ಟದ ದೊಡ್ಡ ತೊಂದರೆ 2 ಮೀಟರ್ ಹಲಗೆ ಅಲ್ಲ, ಆ 60 ಸೆಂಟಿಮೀಟರ್ ಧುಮುಕು ಮತ್ತು 6 ಮೀಟರ್ ನುಣುಪು ಹಾಸು. ಹಲಗೆ ಇರುವುದು ಐದಾರು ತಿಂಗಳು. ಹಾಸು ವರ್ಷವಿಡೀ ಅಲ್ಲೇ ಇರುತ್ತದೆ. ಮಳೆಗಾಲದಲ್ಲಿ ಹೊಳೆ ಪೂರ್ತಿ ತೆರೆದಿದೆ ಅಂತ ನಾವು ಅಂದುಕೊಳ್ಳುತ್ತೇವೆ, ಮೀನಿನ ಪಾಲಿಗೆ ಆಗಲೂ ಬಾಗಿಲು ಮುಚ್ಚಿಯೇ ಇರುತ್ತದೆ.

ಲೆಕ್ಕ ನೋಡಿ. ಸಣ್ಣ ಮೀನು ಜೀವ ಬಿಟ್ಟು ಈಜಿದರೆ ಸೆಕೆಂಡಿಗೆ ತನ್ನ ಉದ್ದದ ಸುಮಾರು 10 ಪಟ್ಟು ದೂರ ಹೋಗಬಹುದು, ಅದೂ ಕೆಲವೇ ಸೆಕೆಂಡು. 8 ಸೆಂಟಿಮೀಟರಿನ ಮರಿಗೆ ಅದು 0.8 ಮೀಟರ್. ಕಂಬಗಳು ಹೊಳೆಯ ಅಗಲ ತಿಂದುಬಿಟ್ಟ ಕಾರಣ ಕಿಂಡಿಯೊಳಗೆ ನೀರಿನ ವೇಗ ಸುಲಭವಾಗಿ 1.5 ಮೀಟರ್ ದಾಟುತ್ತದೆ. ಹಾಸಿನಲ್ಲಿ ನಿಂತು ಉಸಿರು ತೆಗೆದುಕೊಳ್ಳಲು ಒಂದು ಕಲ್ಲೂ ಇಲ್ಲ. ಮರಿ ಅರ್ಧ ದಾರಿಯಲ್ಲೇ ವಾಪಸು.

ಧುಮುಕುವ ನೀರಿನ ವೇಗಕ್ಕೂ ನೇರ ಸೂತ್ರ ಉಂಟು: ಎರಡು ಪಟ್ಟು ಗುರುತ್ವ ಗುಣಿಸು ಮಟ್ಟದ ವ್ಯತ್ಯಾಸ, ಅದರ ವರ್ಗಮೂಲ. 5 ಸೆಂಟಿಮೀಟರ್ ವ್ಯತ್ಯಾಸಕ್ಕೆ ಸೆಕೆಂಡಿಗೆ 1 ಮೀಟರ್, 10ಕ್ಕೆ 1.4, 20ಕ್ಕೆ 2. ವಿದೇಶದ ಸಾಲ್ಮನ್ ಏಣಿಗಳಲ್ಲಿ ಮೆಟ್ಟಿಲಿಗೆ 30 ಸೆಂಟಿಮೀಟರ್ ಇಡುತ್ತಾರೆ, ಅಂದರೆ 2.4 ಮೀಟರ್ ವೇಗ. ಆ ನಕ್ಷೆಯನ್ನು ಹಾಗೇ ತಂದು ಇಲ್ಲಿ ಕಟ್ಟಿದರೆ ಹತ್ತುವುದು ನೀರು ನೋಡಲು ಬಂದ ಮಕ್ಕಳು ಮಾತ್ರ. ಆಸ್ಟ್ರೇಲಿಯಾದ ಮರ್ರೆ ಹೊಳೆಯಲ್ಲಿ ಹಳೆಯ ಏಣಿಗಳು ಕೆಲಸಕ್ಕೆ ಬಾರದೆ ಹೋದದ್ದು ಇದೇ ಕಾರಣಕ್ಕೆ. ಆಮೇಲೆ ಇಳಿಜಾರು ತಗ್ಗಿಸಿ, ಸೀಳುಗಂಡಿಯ ಏಣಿ (ತೊಟ್ಟಿಗಳ ನಡುವಿನ ಗೋಡೆಯಲ್ಲಿ ಮೇಲಿಂದ ತಳದವರೆಗೆ ಸೀಳು ಇರುವುದು) ಕಟ್ಟಿದ ಮೇಲೆ ಅಲ್ಲಿಯ ಊರ ಮೀನುಗಳು ಹತ್ತಿದವು.

ಎಣ್ಮಕಜೆ ತೋಟ:
ಇಂಜಿನಿಯರ್ರೇ, ಲೆಕ್ಕ ಸರಿ. ಆದರೆ ಮಾರ್ಚಿನಲ್ಲಿ ಅಡಿಕೆಗೆ ನೀರು ಬಿಡುವವರಿಗೆ ಒಂದೊಂದು ಹಲಗೆಯೂ ಲೆಕ್ಕ. ಕಟ್ಟದ ನೀರು ಬರೀ ಮೇಲೆ ನಿಲ್ಲುವುದಲ್ಲ, ಎರಡೂ ಬದಿಯ ಬಾವಿಗೆ ಇಳಿಯುವುದೂ ಅದೇ. ದಾರಿ ಅಂತ ಗಂಡಿ ಇಟ್ಟರೆ ಹಗಲು ರಾತ್ರಿ ಹರಿದು ಹೋಗುವ ನೀರಿಗೆ ಯಾರು ಜವಾಬ್ದಾರಿ?

ಇನ್ನೊಂದು. ನಮ್ಮ ಹಳೆಯ ಕಟ್ಟಗಳಿಗೆ ಈ ತೊಂದರೆಯೇ ಇರಲಿಲ್ಲ. ಕಲ್ಲು, ಅಡಿಕೆ ಮರದ ಸೀಳು, ಸೊಪ್ಪು, ಮಣ್ಣು. ಮೊದಲ ನೆರೆಗೆ ಎಲ್ಲ ಕೊಚ್ಚಿ ಹೋಗಿ ಹೊಳೆ ಮೊದಲಿನಂತೆ. ಕಾಂಕ್ರೀಟ್ ಬಂದ ಮೇಲೆ ಹಾಸು ಉಳಿಯಿತು. ಮಣ್ಣಿನ ಬದಲು ಪ್ಲಾಸ್ಟಿಕ್ ಗೋಣಿಯಲ್ಲಿ ಹೊಯಿಗೆ ತುಂಬಿಸಿ ಇಡುವ ಕಟ್ಟಗಳಂತೂ ಗೋಣಿ ಹರಿದು ಅಲ್ಲೇ ಹೂತುಕೊಳ್ಳುತ್ತವೆ.

ಮಟ್ಟಗೋಲು:
ನೀರಿನ ಲೆಕ್ಕ ಹೇಳುತ್ತೇನೆ, ಇದನ್ನು ಸಭೆಯಲ್ಲಿ ಹಾಗೇ ಇಡಿ.

ಕಟ್ಟದ ಹಿನ್ನೀರು 1 ಕಿಲೋಮೀಟರ್ ಉದ್ದ, 25 ಮೀಟರ್ ಅಗಲ, ಸರಾಸರಿ 1 ಮೀಟರ್ ಆಳ ಅಂತಿಟ್ಟುಕೊಳ್ಳಿ: 25,000 ಘನಮೀಟರ್. ಡಿಸೆಂಬರಿನಲ್ಲಿ ತೋಡಿನಲ್ಲಿ ಸೆಕೆಂಡಿಗೆ 500 ಲೀಟರ್ ಹರಿವು ಇದ್ದರೆ ಅದು ತುಂಬಲು ಬೇಕಾದದ್ದು 14 ಗಂಟೆ. ತುಂಬಿದ ಮೇಲೆ ಬಂದ ಅಷ್ಟೂ ನೀರು ಹಲಗೆಯ ಮೇಲಿಂದ ಹಾರಿ ಹೋಗುತ್ತಲೇ ಇರುತ್ತದೆ. ಅಂದರೆ ಹಲಗೆಯ ಮೇಲೆ ನೀರು ಹಾರುವ ದಿನಗಳಲ್ಲಿ ಮೀನಿನ ದಾರಿಗೆ ಬಿಟ್ಟ ನೀರು ತೋಟದ ಪಾಲಿನಿಂದ ಹೋದದ್ದಲ್ಲ. ಹೇಗೂ ಹೋಗುವ ನೀರನ್ನು ಒಂದು ಮೂಲೆಯಿಂದ ಕಳಿಸುತ್ತೇವೆ, ಅಷ್ಟೇ. ಹಾರುವುದು ನಿಲ್ಲುತ್ತ ಬಂದಾಗ ಗಂಡಿ ಮುಚ್ಚಿ. ಯಾವ ತಾರೀಕು ಅಂತ ಕಾಗದದಲ್ಲಿ ಬರೆಯಬೇಡಿ. 'ಹಲಗೆಯ ಮೇಲಿನ ಹಾರು 5 ಸೆಂಟಿಮೀಟರಿಗಿಂತ ಇಳಿದಾಗ' ಅಂತ ಬರೆಯಿರಿ.

ಹರಿವು ಅಳೆಯಲು ಯಂತ್ರ ಬೇಡ. ನೇರ ಹರಿಯುವ 10 ಮೀಟರ್ ಜಾಗದಲ್ಲಿ ಒಂದು ಲಿಂಬೆಹಣ್ಣು ಬಿಟ್ಟು ಸಮಯ ನೋಡಿ, ಐದಾರು ಸಲ, ದಡದಿಂದ ಬೇರೆ ಬೇರೆ ದೂರದಲ್ಲಿ. ಅಗಲ 6 ಮೀಟರ್, ಸರಾಸರಿ ಆಳ 0.3 ಮೀಟರ್, 25 ಸೆಕೆಂಡು ಹಿಡಿಯಿತು ಅಂದರೆ ಮೇಲ್ಮೈ ವೇಗ 0.4. ಅದನ್ನು 0.85ರಿಂದ ಗುಣಿಸಿದರೆ ಸರಾಸರಿ 0.34. ಒಟ್ಟು ಹರಿವು ಸೆಕೆಂಡಿಗೆ ಸುಮಾರು 610 ಲೀಟರ್. ನವೆಂಬರಿನಿಂದ ಮಾರ್ಚಿನವರೆಗೆ ವಾರಕ್ಕೊಮ್ಮೆ ಬರೆದಿಟ್ಟರೆ ಯಾವ ಆಫೀಸಿನಲ್ಲೂ ಮಾತಾಡಬಹುದು.

ಜಲಜೀವಿ:
ಈ ಚರ್ಚೆಯಲ್ಲಿ ಒಂದು ವಿಷಯ ಬಿಟ್ಟುಹೋಗುತ್ತಿದೆ. ಎಲ್ಲರೂ ಹತ್ತುವ ಮೀನಿನ ಬಗ್ಗೆ ಮಾತಾಡುತ್ತಿದ್ದಾರೆ. ಹಾವುಮೀನು ಮತ್ತು ಹೊಳೆ ಎಟ್ಟಿಗಳಿಗೆ ಇಳಿಯುವುದೂ ಅಷ್ಟೇ ಮುಖ್ಯ.

ಆಂಗ್ವಿಲಾ ಜಾತಿಯ ಹಾವುಮೀನು ಹುಟ್ಟುವುದು ಸಮುದ್ರದಲ್ಲಿ, ಬೆಳೆಯುವುದು ಹೊಳೆಯಲ್ಲಿ. ಗಾಜಿನ ಕಡ್ಡಿಯಂಥ 5–6 ಸೆಂಟಿಮೀಟರಿನ ಮರಿ ಅಳಿವೆಗೆ ಬಂದು ಹೊಳೆ ಹಿಡಿದು ಘಟ್ಟದ ಬುಡದವರೆಗೂ ಹೋಗುತ್ತದೆ, ವರ್ಷಗಟ್ಟಲೆ ಅಲ್ಲಿದ್ದು ಮೊಟ್ಟೆಯಿಡಲು ಮತ್ತೆ ಕಡಲಿಗೆ. ನಮ್ಮ ಹೊಳೆಗಳ ಚುಕ್ಕೆ ಹಾವುಮೀನು, ಆಂಗ್ವಿಲಾ ಬೆಂಗಾಲೆನ್ಸಿಸ್, ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಪಟ್ಟಿಯಲ್ಲಿ ಅಪಾಯದ ಹೊಸ್ತಿಲಲ್ಲಿದೆ. ಮ್ಯಾಕ್ರೋಬ್ರೇಕಿಯಂ ಜಾತಿಯ ದೊಡ್ಡ ಎಟ್ಟಿ ಇದಕ್ಕಿಂತ ಬೇರೆ. ಅದು ಹೊಳೆಯಲ್ಲೇ ಬೆಳೆದು, ಮೊಟ್ಟೆ ಹೊತ್ತ ಹೆಣ್ಣು ಅಳಿವೆಯ ಸವುಳು ಹಿನ್ನೀರಿಗೆ ಇಳಿಯುತ್ತದೆ. ಮರಿ ಸಿಹಿನೀರಿನಲ್ಲಿ ಒಡೆದರೆ ಕೆಲವೇ ದಿನಗಳಲ್ಲಿ ಸವುಳು ನೀರು ಸಿಗಬೇಕು, ಇಲ್ಲವಾದರೆ ಸಾಯುತ್ತದೆ. ಕೇರಳದಲ್ಲಿ ಮೊಟ್ಟೆ ಹೊತ್ತ ಹೆಣ್ಣುಗಳು ಹೆಚ್ಚು ಸಿಗುವುದು ಆಗಸ್ಟಿನಿಂದ ಡಿಸೆಂಬರ್. ನಾವು ಹಲಗೆ ಹಾಕುವುದು ನವೆಂಬರ್ ಕೊನೆ, ಡಿಸೆಂಬರ್. ಅಂದರೆ ಆ ಇಳಿಯಾಟದ ಕೊನೆಯ ಭಾಗಕ್ಕೆ ಸರಿಯಾಗಿ ಬಾಗಿಲು ಹಾಕುತ್ತೇವೆ. ವೇಂಬನಾಡಿನಲ್ಲಿ 1970ರ ದಶಕದಲ್ಲಿ ತಣ್ಣೀರ್ಮುಕ್ಕಂ ಬಂಡ್ (ಉಪ್ಪುನೀರು ತಡೆಯುವ ಕಟ್ಟ) ಬಂದ ಮೇಲೆ ಆಟ್ಟುಕೊಂಜಿನ (ಇದೇ ದೊಡ್ಡ ಹೊಳೆ ಎಟ್ಟಿಯ) ಹಿಡುವಳಿ ಪಾತಾಳಕ್ಕಿಳಿದ ಕಾರಣಗಳಲ್ಲಿ ಇದೂ ಒಂದು.

ಆದ್ದರಿಂದ ಮೇಲೆ ಸೀಗಡಿ ಮರಿ ತಂದು ಬಿಡುವ ಯೋಜನೆಗಳಿಂದ ಸಂತತಿ ಬೆಳೆಯುವುದಿಲ್ಲ. ಬಿಟ್ಟದ್ದು ಬೆಳೆಯುತ್ತದೆ, ಹಿಡಿಯುತ್ತೇವೆ, ಮುಗಿಯಿತು. ಕೆಳಗೆ ಹೋಗಿ ಬರುವ ದಾರಿ ಇದ್ದರೆ ಮಾತ್ರ ಬಿತ್ತನೆಗೆ ಅರ್ಥ.

ಈಗ ಹತ್ತುವವರ ವಿಚಾರ. ಎಟ್ಟಿಯ ಮರಿ ಸವುಳಿನಲ್ಲಿ ಮೂರರಿಂದ ಆರು ವಾರ ಇದ್ದು ಹೊಳೆ ಹತ್ತಲು ತೊಡಗುತ್ತದೆ. ಹಾಗಾಗಿ ಹಲಗೆ ಇರುವಾಗಲೇ, ಡಿಸೆಂಬರ್-ಜನವರಿಯಲ್ಲಿ, ಅವು ಕಟ್ಟದ ಬುಡಕ್ಕೆ ಬಂದು ನಿಲ್ಲುತ್ತವೆ. ಆದರೆ ಇವು ಈಜಿ ಹಾರುವ ಜಾತಿಯಲ್ಲ. ಎಟ್ಟಿ ಮರಿ, ಹಾವುಮೀನಿನ ಮರಿ ಎರಡೂ ತೇವದ ಗೋಡೆಯನ್ನು ರಾತ್ರಿ ಹೊತ್ತು ತೆವಳಿಕೊಂಡು ಹತ್ತಬಲ್ಲವು. ಇವಕ್ಕೆ ಸೆಕೆಂಡಿಗೆ ಎಪ್ಪತ್ತು ಲೀಟರ್ ನೀರಿನ ಏಣಿ ಬೇಕಾಗಿಲ್ಲ, ಎರಡು ಲೀಟರಿನ ಒದ್ದೆ ಇಳಿಜಾರು ಸಾಕು. ಈಜುವ ಮೀನುಗಳಲ್ಲಿ ಹೆಚ್ಚಿನವು ಮೇಲೇರುವುದು ಮೊದಲ ಮಳೆಗೆ, ಉಬರ್ ಮೀನಿನ ಹೊತ್ತಿಗೆ. ಆಗ ಹಲಗೆ ಇರುವುದಿಲ್ಲ, ಇರಬಾರದು. ಈ ಎರಡು ಕಾಲವನ್ನು ಬೇರೆ ಮಾಡಿ ನೋಡಿದರೆ ನಿಮ್ಮ ಮೂರನೆಯ ಕಟ್ಟಕ್ಕೆ ಏಣಿಯೇ ಬೇಕಾಗಲಿಕ್ಕಿಲ್ಲ: ಮಳೆಗಾಲಕ್ಕೆ ಹಾಸು ಸರಿ ಮಾಡಿ, ಬೇಸಿಗೆಗೆ ತೆವಳುವ ಇಳಿಜಾರು ಇಡಿ.

ಮಟ್ಟಗೋಲು:
ಅಕ್ಕ ಹೇಳಿದ್ದು ಒಪ್ಪಿದೆ. ಹಾಗಾದರೆ ಹಾಸಿನ ಕೆಲಸ ಹೀಗೆ ಬರೆಯಿರಿ.

ದಡಕ್ಕೆ ತಾಗಿದ ಒಂದು ಕಿಂಡಿ ಆಯ್ದುಕೊಳ್ಳಿ. ಕಟ್ಟ ಹೊಳೆಗೆ ಓರೆಯಾಗಿದ್ದರೆ ಹೆಚ್ಚು ಮೇಲ್ಹೊಳೆಗೆ ಚಾಚಿದ ಮೂಲೆಯ ಕಿಂಡಿ. ಮೀನು ಹರಿವಿಗೆ ಎದುರಾಗಿ ಎಷ್ಟು ಮೇಲೆ ಹೋಗಲು ಸಾಧ್ಯವೋ ಅಷ್ಟು ಹೋಗಿ ಆ ಮೂಲೆಯಲ್ಲಿ ಗುಂಪುಗೂಡುತ್ತದೆ. ದಾರಿಯ ಬಾಯಿ 10 ಮೀಟರ್ ಕೆಳಗಿದ್ದರೆ ಅದು ಕಾಣದೆ ದಾಟಿ ಬಂದು ಗೋಡೆಗೆ ತಲೆ ಹೊಡೆಯುತ್ತಲೇ ಇರುತ್ತದೆ.

ಆ ಕಿಂಡಿಯ ಕೆಳಗೆ 60 ಸೆಂಟಿಮೀಟರ್ ಧುಮುಕನ್ನು 1ಕ್ಕೆ 20ರ ಕಲ್ಲಿನ ಇಳಿಜಾರಾಗಿ ಮಾಡಿ. ಉದ್ದ 12 ಮೀಟರ್, ಅಗಲ 4 ಮೀಟರ್. ಬುಡದ ಪದರ ಸೇರಿ ಸರಾಸರಿ ದಪ್ಪ 0.7 ಮೀಟರ್ ಹಿಡಿದರೆ ಸುಮಾರು 34 ಘನಮೀಟರ್ ಕಲ್ಲು. ಅಡ್ಡಕ್ಕೆ 8 ಸಾಲು ದೊಡ್ಡ ಕಲ್ಲು, ಸಾಲಿನಿಂದ ಸಾಲಿಗೆ 1.5 ಮೀಟರ್, ಪ್ರತಿ ಸಾಲಿಗೆ ಇಳಿತ 7.5 ಸೆಂಟಿಮೀಟರ್. ಆಗ ಕಲ್ಲುಗಳ ಸಂದಿನ ನಡುಮಧ್ಯೆ ವೇಗ ಸುಮಾರು 1.2 ಮೀಟರ್, ತಳದಲ್ಲಿ ಮತ್ತು ಕಲ್ಲಿನ ಬದಿಯಲ್ಲಿ ಅದಕ್ಕಿಂತ ಕಡಿಮೆ, ಅದೂ ಒಂದು ಅಡಿಯಷ್ಟು ದೂರ ಮಾತ್ರ, ಹಿಂದೆಯೇ ನಿಲ್ಲಲು ಜಾಗ. ಸಂದು 15ರಿಂದ 30 ಸೆಂಟಿಮೀಟರ್, ಒಂದು ಸಾಲಿನ ಸಂದು ಮುಂದಿನ ಸಾಲಿನ ಕಲ್ಲಿಗೆ ಎದುರಾಗಿ ಬರಬೇಕು. ನೇರ ಸಾಲಾಗಿ ಬಂದರೆ ನೀರು ಗುಂಡಿನ ಹಾಗೆ ಹೋಗುತ್ತದೆ.

ಕಲ್ಲು 70 ಸೆಂಟಿಮೀಟರ್ ವ್ಯಾಸದ್ದು ಬೇಕು. ಅಷ್ಟು ದೊಡ್ಡ ಕಪ್ಪುಕಲ್ಲು ಹತ್ತಿರ ಹತ್ತಿರ 475 ಕಿಲೋ ತೂಗುತ್ತದೆ, ನೆರೆಗೆ ಸುಲಭದಲ್ಲಿ ಹೊರಳುವುದಿಲ್ಲ. ಮುರಕಲ್ಲು (ಜಂಬಿಟ್ಟಿಗೆ) ಖಂಡಿತ ಬೇಡ. ತೆಗೆಯುವಾಗ ಮೃದು, ಅಗ್ಗ, ಹತ್ತಿರದಲ್ಲೇ ಸಿಗ್ತದೆ ಅಂತ ಅದನ್ನೇ ಹಾಕುತ್ತಾರೆ. ಹಗುರ ಕಲ್ಲು, ಹೊಯಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಕೊನೆಯ ಸಾಲಿನ ಕಲ್ಲನ್ನು ತಳಕ್ಕೆ 75 ಸೆಂಟಿಮೀಟರ್ ಇಳಿಸಿ ಹೂಳಬೇಕು, ಇಲ್ಲವಾದರೆ ಕೆಳಗಿನಿಂದ ಕೊರೆದು ಒಂದೊಂದಾಗಿ ಇಡೀ ಇಳಿಜಾರು ಜಾರುತ್ತದೆ. ಬುಡದಲ್ಲಿ ಜಲ್ಲಿಯ ಸೋಸು ಪದರ ಇಲ್ಲದಿದ್ದರೂ ಅದೇ ಗತಿ.

6 ಮೀಟರ್ ಹಾಸಿನ ಮೇಲೂ ಆ ಒಂದು ಕಿಂಡಿಯ ಸಾಲಿನಲ್ಲಿ 20–25 ಸೆಂಟಿಮೀಟರ್ ಎತ್ತರದ ಕಲ್ಲುಗಳನ್ನು ಎಡಬಲ ಬದಲಾಯಿಸಿ ನೆಡಿ, 25 ಮಿಲಿಮೀಟರ್ ಸರಳು ಕೊರೆದು ಗ್ರೌಟ್ ಹಾಕಿ.

ಒಂದು ಎಚ್ಚರಿಕೆ. ಹಾಸಿನಲ್ಲಿ ಅಡಿನೀರಿನ ಒತ್ತಡ ಇಳಿಸುವ ತೂತುಗಳು ಇರುತ್ತವೆ. ಗ್ರೌಟ್ ಸುರಿಯುವವರು ಅದನ್ನೂ ಮುಚ್ಚಿಬಿಡುತ್ತಾರೆ. ಹಲಗೆ ಹಾಕಿ 2 ಮೀಟರ್ ನೀರು ನಿಂತಾಗ ಕೆಳಗಿನ ಒತ್ತಡಕ್ಕೆ ಹಾಸು ಬಿರಿಯುತ್ತದೆ. ತೂತಿನ ಮೇಲೆ ಸಿಮೆಂಟ್ ಬೇಡ, ಸಡಿಲ ಜಲ್ಲಿ ಮಾತ್ರ. ಹಾಗೇ, ಹಾಸಿನ ತುದಿಯ ತಡೆಗೋಡೆಯ ಬುಡ ಅಗೆಯಲು ಬಿಡಬೇಡಿ.

ಕಬ್ಬಿಣ-ಫೈಬರ್ ಕೆಲಸ:
ತೆವಳುವ ಇಳಿಜಾರಿನ ಅಳತೆ ನಾನು ಹಾಕುತ್ತೇನೆ.

ಜಿಐ ಶೀಟಿನ ಅಥವಾ ಫೈಬರಿನ ತೊಟ್ಟಿಯಾಕಾರದ ಪಟ್ಟಿ, ಅಗಲ 40 ಸೆಂಟಿಮೀಟರ್, ಬದಿ 15 ಸೆಂಟಿಮೀಟರ್. 2 ಮೀಟರ್ ಎತ್ತರಕ್ಕೆ 35 ಡಿಗ್ರಿ ಇಳಿಜಾರಿನಲ್ಲಿ ಉದ್ದ 3.5 ಮೀಟರ್. ಅರ್ಧದಲ್ಲಿ ಒಂದು ಸಣ್ಣ ತಂಗುತೊಟ್ಟಿ. 45 ಡಿಗ್ರಿ ದಾಟಬೇಡಿ. ಪಟ್ಟಿಯನ್ನು ಅಡ್ಡಕ್ಕೂ ಸ್ವಲ್ಪ ಓರೆ ಮಾಡಿ: ಒಂದು ಅಂಚಿನಲ್ಲಿ ನೀರು ದಪ್ಪ, ಇನ್ನೊಂದರಲ್ಲಿ ಬರೀ ತೇವ. ಮೇಲಿನ ಮಟ್ಟ ಒಂದೆರಡು ಸೆಂಟಿಮೀಟರ್ ಏರಿಳಿದರೂ ಎಲ್ಲಾದರೂ ಒಂದು ಕಡೆ ಸರಿಯಾದ ತೆಳುನೀರು ಸಿಗುತ್ತದೆ.

ನೀರು ಕೊಡಲು ಹಲಗೆಯಲ್ಲಿ ಮೇಲ್ಮಟ್ಟಕ್ಕಿಂತ 30 ಸೆಂಟಿಮೀಟರ್ ಕೆಳಗೆ 40 ಮಿಲಿಮೀಟರ್ ತೂತು. ಸೆಕೆಂಡಿಗೆ 1.8 ಲೀಟರ್ ಬರುತ್ತದೆ, ದಿನಕ್ಕೆ ಸುಮಾರು ಒಂದೂವರೆ ಲಕ್ಷ ಲೀಟರ್. ತೋಟದವರಿಗೆ ಈ ಅಂಕಿಯನ್ನು ಮೊದಲೇ ಹೇಳಿ, ಮುಚ್ಚಿಡಬೇಡಿ. ತೂತಿನ ಬಾಯಿಗೆ ಜಾಲರಿ, ಇಲ್ಲವಾದರೆ ಅಡಿಕೆ ಸಿಪ್ಪೆ ಸಿಕ್ಕಿ ಒಂದೇ ದಿನದಲ್ಲಿ ಒಣಗುತ್ತದೆ. ಒಣಗಿದ ಇಳಿಜಾರಿನಲ್ಲಿ ಅರ್ಧ ಹತ್ತಿದ ಮರಿಗಳು ಬೆಳಿಗ್ಗೆ ಇರುವೆಯ ಪಾಲು.

ಪಟ್ಟಿಯ ಒಳಗೆ ಹಿಡಿದು ಹತ್ತಲು ಏನಾದರೂ ಬೇಕು. ವಿದೇಶದಲ್ಲಿ ನೈಲಾನ್ ಬ್ರಷ್ಷಿನ ಹಲಗೆ ಸಿಗುತ್ತದೆ, ಸಣ್ಣ ಮರಿಗೆ ಕುಚ್ಚುಗಳ ಅಂತರ 14 ಮಿಲಿಮೀಟರ್, ದೊಡ್ಡದಕ್ಕೆ 21. ನಮ್ಮಲ್ಲಿ ತೆಂಗಿನ ನಾರಿನ ದಪ್ಪ ಚಾಪೆ ಸುಲಭ. ಜಿಐ ಜಾಲರಿಗೆ ತಂತಿಯಿಂದ ಬಿಗಿದು ಹಾಸಿ. ಒಂದು ಬೇಸಿಗೆಗೆ ಬರುತ್ತದೆ, ಮುಂದಿನ ವರ್ಷ ಹೊಸತು. ಹಳೆಯ ಮೀನುಬಲೆ ಮಡಚಿ ಹಾಕುವ ಉಪಾಯ ಬೇಡ, ಮರಿಗಳ ಕಿವಿರು ಸಿಕ್ಕಿಬೀಳುತ್ತದೆ. ಮೇಲೆ ಶೇಡ್ ನೆಟ್ ಅಥವಾ ಸೋಗೆ ಮುಚ್ಚಿ, ಕೊಕ್ಕರೆ ಮತ್ತು ಬೆಳಕು ಎರಡಕ್ಕೂ ತಡೆ. ಪಟ್ಟಿಯ ಮೇಲಿನ ತುದಿ ಹಾರುನೀರಿನಿಂದ ಕನಿಷ್ಠ 3 ಮೀಟರ್ ಆಚೆ ಇಳಿಯಬೇಕು, ಹತ್ತಿ ಸುಸ್ತಾದ ಮರಿ ಮತ್ತೆ ಹಲಗೆಯ ಮೇಲಿಂದ ಕೆಳಗೆ ಬೀಳಬಾರದು.

ಎಣ್ಮಕಜೆ ತೋಟ:
1.8 ಲೀಟರ್ ಆದರೆ ನಮ್ಮವರು ಒಪ್ಪಿಯಾರು. ಹಲಗೆಯ ಸಂದಿನಿಂದ ಸೋರುವುದೇ ಅದಕ್ಕಿಂತ ಹೆಚ್ಚು ಉಂಟು ಮಾರಾಯ್ರೇ.

ತಳಂಗರೆ ಅಳಿವೆ:
ಮೂರನೆಯ ಕಟ್ಟಕ್ಕೆ ಇಷ್ಟೆಲ್ಲ ಮಾಡಿ, ಕೆಳಗಿನ ಎರಡನ್ನು ಹಾಗೇ ಬಿಟ್ಟರೆ ಏನು ಬಂದು ಹತ್ತುತ್ತದೆ? ಅಳಿವೆಗೆ ಹತ್ತಿರದ ಅಡ್ಡಕಟ್ಟಿನಿಂದ ಶುರು ಮಾಡಬೇಕು. ಅಲ್ಲಿ ಬರುವುದು ಬರೀ ತೆವಳುವ ಮರಿ ಅಲ್ಲ. ತಿರುತ, ಕಣಂಬು, ಕಾಳಾಂಜಿ, ಹೂಮೀನು ಮರಿಗಳು ಉಬ್ಬರದ ಜೊತೆ ಈಜಿ ಬರುತ್ತವೆ, ಇವು ಗೋಡೆ ಹತ್ತುವುದಿಲ್ಲ.

ಚಂದ್ರಗಿರಿಯಲ್ಲಿ ಬಾವಿಕ್ಕೆರೆಯ ಹಾಗೆ ಉಪ್ಪುನೀರು ತಡೆಯಲು ಕಟ್ಟಿದ ರೆಗ್ಯುಲೇಟರುಗಳ ಕತೆ ಬೇರೆ. ಕಾಸರಗೋಡು ಪೇಟೆಯ ಕುಡಿಯುವ ನೀರು ಅದರ ಮೇಲೆ ನಿಂತಿದೆ. ಅಲ್ಲಿ 'ಬಾಗಿಲು ತೆರೆಯಿರಿ' ಅಂತ ಹೇಳುವ ಧೈರ್ಯ ಯಾರಿಗೂ ಬೇಡ. ಆದರೆ ಉಬ್ಬರದ ಹೊತ್ತಿಗೆ ಎರಡೂ ಬದಿಯ ನೀರು ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಬರುವ ಸಮಯ ಉಂಟು. ಆಗ ಮೀನಿಗೆ ಏಣಿಯೇ ಬೇಡ, ಗಂಡಿ ಸಾಕು.

ಜಲಜೀವಿ:
ಹೌದು. ಉಪ್ಪುನೀರು ಭಾರ, ತಳ ಹಿಡಿದು ಬೆಣೆಯ ಹಾಗೆ ನುಗ್ಗುತ್ತದೆ. ಆದ್ದರಿಂದ ಶಟರನ್ನು ಅಡಿಯಿಂದ ಎತ್ತಿದರೆ ಮೊದಲು ಒಳಗೆ ಬರುವುದು ಉಪ್ಪು. ಮೇಲ್ಭಾಗದಲ್ಲಿ 30 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಎತ್ತರದ ಕಿಟಕಿ ಇಟ್ಟು, ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಉಬ್ಬರ ಬಿಟ್ಟು, ಅಷ್ಟಮಿಯ ಆಸುಪಾಸಿನ ಸಣ್ಣ ಉಬ್ಬರದಲ್ಲಿ ರಾತ್ರಿ ಒಂದೆರಡು ಗಂಟೆ ತೆರೆದರೆ ಮೇಲ್ಪದರದ ನೀರಿನ ಜೊತೆ ಮರಿಗಳು ಬರುತ್ತವೆ. ಪಂಪ್‌ಹೌಸಿನ ಹತ್ತಿರ ತಳದ ನೀರಿನ ಕ್ಲೋರೈಡ್ ನೋಡುತ್ತಿರಬೇಕು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 250 ಮಿಲಿಗ್ರಾಂ. ಅದರ ಅರ್ಧಕ್ಕೆ ಬಂದರೆ ಕಿಟಕಿ ಮುಚ್ಚುವ ನಿಯಮ ಇಟ್ಟುಕೊಂಡರೆ ನೀರಿನ ಇಲಾಖೆಯವರ ಜೊತೆ ಮಾತು ಮುಂದುವರಿಯುತ್ತದೆ.

ಇಳಿಯುವ ಮರಿಗಳ ದೃಷ್ಟಿಯಿಂದಲೂ ಮೇಲಿಂದ ಹಾರುವ ಶಟರ್ ಒಳ್ಳೆಯದು. ಅಡಿಯಿಂದ ಎತ್ತುವ ಶಟರಿನ ಸಂದಿನಲ್ಲಿ ಒತ್ತಡ ಒಮ್ಮೆಲೇ ಬದಲಾಗಿ ಮೀನಿನ ಎಳೆಮರಿಗಳು ಜಜ್ಜಿ ಸಾಯುತ್ತವೆ, ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿ ನೋಡಿದ ವಿಷಯ. ಮೇಲಿಂದ ಬೀಳುವಾಗ ಕೆಳಗೆ ಬೋಳು ಕಾಂಕ್ರೀಟ್ ಇರಬಾರದು. ಬೀಳುವ ಎತ್ತರದ ಕಾಲುಭಾಗ, ಕನಿಷ್ಠ 90 ಸೆಂಟಿಮೀಟರ್ ಆಳದ ನೀರು ಬೇಕು.

ಮಟ್ಟಗೋಲು:
ಕೆಳಗಿನ ಕಟ್ಟಕ್ಕೆ ಏಣಿಯೇ ಬೇಕಾದರೆ ಸೀಳುಗಂಡಿಯದು. ಒಂದು ಮಾದರಿ: 2 ಮೀಟರ್ ಎತ್ತರಕ್ಕೆ ಮೆಟ್ಟಿಲಿಗೆ 8 ಸೆಂಟಿಮೀಟರಿನಂತೆ 25 ಸೀಳು, 24 ತೊಟ್ಟಿ. ತೊಟ್ಟಿ 1.5 ಮೀಟರ್ ಉದ್ದ, 1.2 ಅಗಲ, ನೀರಿನ ಆಳ 60 ಸೆಂಟಿಮೀಟರ್. ಸೀಳಿನ ಅಗಲ 15. ಬೇಕಾಗುವ ನೀರು ಸೆಕೆಂಡಿಗೆ ಸುಮಾರು 73 ಲೀಟರ್, ತೊಟ್ಟಿಯ ಅಲ್ಲೋಲಕಲ್ಲೋಲ ಘನಮೀಟರಿಗೆ 53 ವ್ಯಾಟ್. ಸಾಲ್ಮನ್ ಏಣಿಯಲ್ಲಿ 150–200 ವ್ಯಾಟ್ ಇರುತ್ತದೆ, ಸಣ್ಣ ಮೀನಿಗೆ ಅದು ರುಬ್ಬುವ ಕಲ್ಲು. ಉದ್ದ 36 ಮೀಟರಿಗಿಂತ ಹೆಚ್ಚು, ಆದ್ದರಿಂದ ಮಡಚಿ ತಂದು ಬಾಯಿಯನ್ನು ಕಟ್ಟದ ಬುಡದಲ್ಲೇ ಇಡಬೇಕು.

ಸೀಳುಗಂಡಿಯ ಗುಣ ಏನೆಂದರೆ ಮೇಲೆ ಕೆಳಗೆ ನೀರು ಏರಿಳಿದರೂ ಅದು ಕೆಲಸ ಮಾಡುತ್ತದೆ. ಮೆಟ್ಟಿಲು ಮೇಲಿಂದ ಹಾರುವ ಮಾದರಿ ಹಾಗಲ್ಲ, ನಾಲ್ಕು ಬೆರಳು ಇಳಿದರೆ ಒಣಗುತ್ತದೆ. ಡೆನಿಲ್ ಮಾದರಿ (ತೊಟ್ಟಿಗಳಿಲ್ಲದೆ ಒಳಗೆ ಅಡ್ಡಪಟ್ಟಿ ಇರುವ ಇಳಿಜಾರು ಕಾಲುವೆ) ಗಿಡ್ಡ, ಅಗ್ಗ, ಆದರೆ ಬಲವಾದ ದೊಡ್ಡ ಮೀನಿಗೆ ಮಾತ್ರ.

ಕಬ್ಬಿಣ-ಫೈಬರ್ ಕೆಲಸ:
15 ಸೆಂಟಿಮೀಟರ್ ಸೀಳಿಗೆ ಸಿಪ್ಪೆ ಸಮೇತ ತೆಂಗಿನಕಾಯಿ ಬಂದು ಕೂತರೆ ಮುಗಿಯಿತು. ಏಣಿಗೆ ನೀರು ಹೊಗುವ ಮೇಲಿನ ಬಾಯಿಗೆ ಬಿದಿರಿನ ತೇಲುತಡೆ ಓರೆಯಾಗಿ ಕಟ್ಟಿ. ಮಡಲು, ಹಾಳೆ ಎಲ್ಲ ಬದಿಗೆ ಸರಿಯುತ್ತದೆ. ಪ್ರತಿ ನೆರೆಯ ಮರುದಿನ ಒಬ್ಬ ಹೋಗಿ ನೋಡಲೇಬೇಕು. ಆ ಒಬ್ಬನ ಕೂಲಿ ಎಸ್ಟಿಮೇಟಿನಲ್ಲಿ ಇಲ್ಲದಿದ್ದರೆ ಏಣಿ ಕಟ್ಟಬೇಡಿ.

ಹಳೇ ಓದುಗ:
ದೊಡ್ಡ ಅಣೆಕಟ್ಟಿನ ಕಡೆಯ ಅನುಭವ ಏನು? ಹಿಲ್ಸಾ ಮೀನಿನ ವಿಷಯ ಓದಿದ್ದೆ.

ಜಲಜೀವಿ:
ಹಿಲ್ಸಾ ಕಡಲಿನಿಂದ ಹೊಳೆ ಹತ್ತಿ ಮೊಟ್ಟೆಯಿಡುವ ಮೀನು. ಗಂಗೆಯಲ್ಲಿ ಅದು ಅಲಹಾಬಾದಿನಾಚೆಗೂ ಹೋಗುತ್ತಿತ್ತು. 1975ರಲ್ಲಿ ಫರಕ್ಕಾ ಬ್ಯಾರೇಜು ಬಂದ ಮೇಲೆ ಮೇಲ್ಗಂಗೆಯಲ್ಲಿ ಆ ಹಿಡುವಳಿ ನೆಲ ಕಚ್ಚಿತು. ಈಗ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಬಲಿತ ಹಿಲ್ಸಾ ಹಿಡಿದು ಬ್ಯಾರೇಜಿನ ಮೇಲೆ ಬಿಡುತ್ತಿದ್ದಾರೆ. ಕಾವೇರಿಯಲ್ಲೂ 1934ರ ಮೆಟ್ಟೂರು ಅಣೆಕಟ್ಟಿನ ನಂತರ ಹಿಲ್ಸಾ ಕುಸಿಯಿತು. ಅಲ್ಲಿ ಗೋಡೆಯಷ್ಟೇ ದೊಡ್ಡ ಕಾರಣ ಮಳೆಗಾಲದ ನೆರೆನೀರು ಕೆಳಗೆ ಬರದಿದ್ದದ್ದು. ಮೀನಿಗೆ ಕಡಲಿನಿಂದ ಹೊರಡಲು ಹೊಳೆಯ ಕೂಗು ಕೇಳಬೇಕು.

ಗೆದ್ದ ಉದಾಹರಣೆ ಅಂದರೆ ಅಮೆರಿಕದ ಮೇನ್ ರಾಜ್ಯದ ಪೆನಾಬ್‌ಸ್ಕಾಟ್ ಹೊಳೆ. ಗ್ರೇಟ್ ವರ್ಕ್ಸ್ ಅಣೆಕಟ್ಟನ್ನು 2012ರಲ್ಲಿ, ಕಡಲಿಗೆ ಅತಿ ಹತ್ತಿರದ ವೀಜಿಯನ್ನು 2013ರಲ್ಲಿ ಒಡೆದರು. ಅದರ ಮೇಲಿನ ಮಿಲ್ಫರ್ಡಿನಲ್ಲಿ ಮೀನಿಗೆ ಲಿಫ್ಟ್, ಹೌಲೆಂಡಿನಲ್ಲಿ ಅಣೆಕಟ್ಟನ್ನು ಬಳಸಿ ಹೋಗುವ ಕಲ್ಲುಹೊಳೆ. ಕಳೆದುಕೊಂಡ ವಿದ್ಯುತ್ತನ್ನು ಉಳಿದ ಅಣೆಕಟ್ಟುಗಳಲ್ಲಿ ಉತ್ಪಾದನೆ ಹೆಚ್ಚಿಸಿ ತುಂಬಿಸಿಕೊಂಡರು. ಹೊಳೆ ಹತ್ತುವ ಹೆರಿಂಗ್ ಜಾತಿಗಳು ಸಾವಿರದ ಲೆಕ್ಕದಿಂದ ಲಕ್ಷದ ಲೆಕ್ಕಕ್ಕೆ ಬಂದವು. ಕೆಳಗಿನಿಂದ ಶುರು ಮಾಡಿದ್ದು, ವಿದ್ಯುತ್ತಿನ ಕಂಪನಿಗೆ ನಷ್ಟವಾಗದ ಒಪ್ಪಂದ, ಈ ಎರಡು ನಮ್ಮ ತೋಟದವರ ಸಭೆಗೂ ಹೊಂದುತ್ತದೆ.

ಕಟ್ಟದ ಮಾಷ್ಟ್ರು:
ಹಲಗೆ ತೆಗೆಯುವ ಕ್ರಮದ ಬಗ್ಗೆ ಯಾರೂ ಬರೆದಿಲ್ಲ. ಅಲ್ಲೇ ಅರ್ಧ ಮೀನು ಸಾಯುವುದು.

ಪತ್ತನಾಜೆಗೆ (ಮೇ ಕೊನೆಯ ವಾರ) ಮುಂಚೆ ಶುರು ಮಾಡಿ. ಮಳೆ ಬರಲಿ ಅಂತ ಕಾದರೆ ಮೊದಲ ನೆರೆಗೆ ಮೇಲಿನ ನಾಲ್ಕು ಹಲಗೆ ತೆಗೆದು ಓಡುತ್ತಾರೆ, ಅಡಿಯ ಎರಡು ಹೂಳಿನಲ್ಲಿ ಸಿಕ್ಕಿ ಇಡೀ ಮಳೆಗಾಲ ಅಲ್ಲೇ. ಮರದ ಹಲಗೆ ನೆನೆದು ಉಬ್ಬಿ ಕಂಬದಲ್ಲಿ ಹಲಗೆ ಕೂರುವ ಸೀಳಿನಲ್ಲಿ ಕಚ್ಚಿಕೊಂಡಿರುತ್ತದೆ. ಎರಡೂ ತುದಿಗೆ ಕೊಕ್ಕೆ, ಮೇಲೆ ಮುಕ್ಕಾಲಿ, ಚೈನ್ ಬ್ಲಾಕ್ ಬೇಕು. ಫೈಬರ್ ಹಲಗೆ ಸುಲಭ, ಆದರೆ ತೇಲುತ್ತದೆ, ಬೆಣೆ ಹೊಡೆದು ಕೂರಿಸಬೇಕು. ಎರಡು ಸಾಲು ಹಲಗೆಯ ನಡುವಿನ ಜೇಡಿಮಣ್ಣನ್ನು ಹೊಳೆಗೆ ಬಿಡದೆ ಬುಟ್ಟಿಯಲ್ಲಿ ತೆಗೆದು ದಡಕ್ಕೆ ಹಾಕಿ.

ದಿನಕ್ಕೆ 20–30 ಸೆಂಟಿಮೀಟರಿಗಿಂತ ಹೆಚ್ಚು ಇಳಿಸಬೇಡಿ. ಒಮ್ಮೆಲೇ ಬಿಟ್ಟರೆ ತಳದಲ್ಲಿ ಕೊಳೆತ ಎಲೆ, ಕಪ್ಪು ಕೆಸರು ಕೆಳಗೆ ನುಗ್ಗಿ ನೀರಿನಲ್ಲಿ ಆಮ್ಲಜನಕ ಇಳಿದು, ಹತ್ತಲು ಬಂದು ಕೆಳಗೆ ಕಾದಿದ್ದ ಮೀನೇ ಹೊಟ್ಟೆ ಮೇಲೆ ಮಾಡಿ ತೇಲುತ್ತದೆ. ನೆನೆದ ದಡವೂ ಕುಸಿಯುತ್ತದೆ.

ಶಿರಿಯ ಹೊಳೆಬದಿ:
ಮಾಷ್ಟ್ರೇ, ಉಬರ್ ಮೀನು ಹಿಡಿಯುವವರನ್ನು ಏನು ಮಾಡುವುದು? ದಾರಿ ಮಾಡಿಕೊಟ್ಟರೆ ಅದೇ ಬಾಯಿಯಲ್ಲಿ ಬಲೆ ಕಟ್ಟುತ್ತಾರೆ.

ಕಟ್ಟದ ಮಾಷ್ಟ್ರು:
ಕೇರಳ ಒಳನಾಡು ಮೀನುಗಾರಿಕೆ ಮತ್ತು ಜಲಕೃಷಿ ಕಾಯ್ದೆ 2010ರದ್ದು. ತೋಟೆ (ಸಿಡಿಮದ್ದು), ವಿಷ, ಕರೆಂಟು ಎಲ್ಲಕ್ಕೂ ನಿಷೇಧ ಉಂಟು, ಮೊಟ್ಟೆಯಿಡಲು ಹತ್ತುವ ಮೀನಿಗೆ ಅಡ್ಡ ಕಟ್ಟಿ ಹಿಡಿಯುವುದೂ ತಪ್ಪು. ಬೋರ್ಡು ಹಾಕಿದರೆ ಸಾಲದು. ಇಳಿಜಾರಿನ ಎರಡೂ ಬದಿ 50 ಮೀಟರ್ ಬಲೆ ಬೇಡ ಅಂತ ಗ್ರಾಮಸಭೆಯಲ್ಲೇ ನಿರ್ಣಯ ಆಗಲಿ. ಹಿಡಿಯುವವರನ್ನೇ ಕಾವಲಿಗೆ ಕೇಳಿ, ಯಾವ ರಾತ್ರಿ ಏನು ಹತ್ತುತ್ತದೆ ಅಂತ ಗೊತ್ತಿರುವುದು ಅವರಿಗೆ.

ಎಣ್ಮಕಜೆ ತೋಟ:
ದಾರಿ ತೆರೆದರೆ ತಿಲಾಪಿಯವೂ ಹತ್ತುವುದಿಲ್ಲವಾ?

ಜಲಜೀವಿ:
ಹತ್ತಬಹುದು. ಆದರೆ ಅದು ಮೇಲಿಂದಲೂ ಬರುತ್ತದೆ, ಕೆರೆ ಮತ್ತು ಸಾಕಣೆ ಹೊಂಡ ತುಂಬಿ ಹರಿದಾಗ. 2018ರ ನೆರೆಯಲ್ಲಿ ಕೇರಳದ ಹೊಳೆಗಳಿಗೆ ಸಾಕುಮೀನು ಹೇಗೆ ಹೊಕ್ಕಿತು ಅಂತ ಎಲ್ಲರಿಗೂ ಗೊತ್ತು. ಕಾಮಗಾರಿಗೆ ಮೊದಲು ಕಟ್ಟದ ಮೇಲೆ ಬೀಸುಬಲೆ ಹಾಕಿ ನೋಡಿ. ಅಲ್ಲಿ ಆಗಲೇ ಇದ್ದರೆ ಈ ಆಕ್ಷೇಪಕ್ಕೆ ಬೆಲೆ ಇಲ್ಲ. ಇಲ್ಲದಿದ್ದರೆ ಏಣಿ ಬಿಟ್ಟು ತೆವಳುವ ಇಳಿಜಾರು ಮಾತ್ರ ಇಡಿ, ತಿಲಾಪಿಯ ಗೋಡೆ ಹತ್ತುವುದಿಲ್ಲ.

ಹತ್ತುವ ಮೀನಿನ ಎಣಿಕೆಯೂ ಎಸ್ಟಿಮೇಟಿನ ಭಾಗವಾಗಲಿ, ಮೀನುಗಾರಿಕೆ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಿ. ಕಾಮಗಾರಿಗೆ ಮುಂಚಿನ ಒಂದು ಮಳೆಗಾಲ, ನಂತರದ ಎರಡು. ಇಳಿಜಾರಿನ ಮೇಲ್ತುದಿಯಲ್ಲಿ 3 ಮಿಲಿಮೀಟರ್ ಕಣ್ಣಿನ ಬೋನು, 24 ಗಂಟೆ. ಅದೇ ದಿನ ಬುಡದಲ್ಲೂ ಒಂದು. ಎರಡರ ಉದ್ದದ ಪಟ್ಟಿ ಪಕ್ಕಪಕ್ಕ ಬರೆಯಿರಿ. ಬುಡದಲ್ಲಿ 4ರಿಂದ 20 ಸೆಂಟಿಮೀಟರಿನವು ಇದ್ದು, ಮೇಲೆ 12ಕ್ಕಿಂತ ದೊಡ್ಡವು ಮಾತ್ರ ಬಂದಿದ್ದರೆ ಎಲ್ಲೋ ಒಂದು ಸಾಲಿನಲ್ಲಿ ವೇಗ ಹೆಚ್ಚಾಗಿದೆ ಅಂತ ಅರ್ಥ. ಯಾವ ಸಾಲು ಅಂತ ಹುಡುಕಿ ಒಂದು ಕಲ್ಲು ಸರಿಸಿದರೆ ಸಾಕಾಗುತ್ತದೆ. ಮೇಲೆ ಏನೂ ಇಲ್ಲ, ಬುಡದಲ್ಲೂ ಏನೂ ಇಲ್ಲ ಅಂದರೆ ತಡೆ ಕೆಳಗಿನ ಕಟ್ಟದಲ್ಲಿ.

ಶಿರಿಯ ಹೊಳೆಬದಿ:
ಹಾಗಾದರೆ ಮೂರಕ್ಕೂ ಒಟ್ಟಿಗೆ ಅರ್ಜಿ ಹಾಕುವುದು ಒಳ್ಳೆಯದು ಅನಿಸುತ್ತದೆ. ಕೆಳಗಿನ ಎರಡು ಬೇರೆ ಪಂಚಾಯತಿಗೆ ಸೇರುತ್ತವೆ, ಬ್ಲಾಕ್ ಮಟ್ಟದಲ್ಲಿ ತರಬೇಕಾಗಬಹುದು. ಕಲ್ಲಿನ ಇಳಿಜಾರಿಗೆ ಶೆಡ್ಯೂಲಿನಲ್ಲಿ (ಸರ್ಕಾರಿ ದರಪಟ್ಟಿ) ಐಟಂ ಇಲ್ಲ ಅಂತ ಓವರ್ಸಿಯರ್ ಹೇಳಿದರೆ?

ಮಟ್ಟಗೋಲು:
'ಹಾಸಿನ ಕೆಳಗಿನ ಕೊರೆತ ತಡೆಗೆ ಕಲ್ಲಿನ ರಕ್ಷಣೆ' ಅಂತ ಹಾಕಿ, ಆ ಐಟಂ ಎಲ್ಲ ಕಡೆ ಇರುತ್ತದೆ. ನಿಜಕ್ಕೂ ಅದು ಆ ಹೊಂಡವನ್ನೂ ಮುಚ್ಚುತ್ತದೆ. ಆದರೆ ನಕ್ಷೆಯಲ್ಲಿ ಸಾಲಿನ ಮಟ್ಟ ಒಂದೊಂದನ್ನೂ ಬರೆಯಿಸಿ, ಸಂದಿನ ಅಗಲವನ್ನೂ. ಇಲ್ಲವಾದರೆ ಟಿಪ್ಪರಿನಿಂದ ಕಲ್ಲು ಸುರಿದು ಮೇಲೆ ಸಿಮೆಂಟ್ ಬಳಿದು ಚಂದ ಮಾಡಿ ಹೋಗುತ್ತಾರೆ. ಬಿಲ್ಲಿಗೆ ಸಹಿ ಹಾಕುವ ಮೊದಲು ಹಾಸಿನಿಂದ ಬುಡದವರೆಗೆ ಎಂಟು ಸಾಲಿನ ಮಟ್ಟ ಡಂಪಿ ಲೆವೆಲ್ (ಮಟ್ಟ ಅಳೆಯುವ ದುರ್ಬೀನು) ಇಟ್ಟು ನೋಡಲಿ. ಯಾವ ಸಾಲಿನಲ್ಲೂ ಇಳಿತ 10 ಸೆಂಟಿಮೀಟರ್ ದಾಟಿರಬಾರದು.